ಕೈಗೆ ಬರಬೇಕಾದ ವಿದ್ಯೆ



ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಭಾಷಣವನ್ನು ಕೊನೆಯವರೆಗೂ ಕೇಳಿದರೂ ನಿಮಗೆ ಸಿಪಿಆರ್ ಮಾಡಲು ಬರುವುದಿಲ್ಲ. ಪುಸ್ತಕ ಓದಿದರೂ ಬರುವುದಿಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಿದರೂ ಬರುವುದಿಲ್ಲ. ಹಾಗಾದರೆ ನೀವು ಇಲ್ಲಿ ಬಂದು ಕೂತು ಮಾತಾಡುವುದೇಕೆ ಎಂದು ಕೇಳಬಹುದು. ಆ ವಿದ್ಯೆಯನ್ನು ಹೇಗೆ ಕಲಿಯಬೇಕು, ಅರೆಬರೆ ಕಲಿತರೆ ಏನಾಗುತ್ತದೆ ಎಂಬುದನ್ನಾದರೂ ಹೇಳಬಹುದಲ್ಲ. ಇವತ್ತಿನ ಮಾತು ಅಷ್ಟಕ್ಕೇ.

ಸಿಪಿಆರ್ ಎಂಬ ಮೂರಕ್ಷರ ಈಗ ಬಹಳ ಜನರ ಕಿವಿಗೆ ಬಿದ್ದಿದೆ. ಒಬ್ಬರ ಹೃದಯ ಇದ್ದಕ್ಕಿದ್ದಂತೆ ನಿಂತಿದೆ ಎಂದುಕೊಳ್ಳಿ. ಪಕ್ಕದಲ್ಲಿದ್ದವರು ಅವರನ್ನು ನೆಲದ ಮೇಲೆ ಅಂಗಾತ ಮಲಗಿಸುತ್ತಾರೆ. ಎದೆಯ ನಡುಭಾಗವನ್ನು ಎರಡೂ ಕೈಯಿಂದ ಒಂದೇ ಲಯದಲ್ಲಿ ಒತ್ತುತ್ತಾ ಹೋಗುತ್ತಾರೆ. ಬೇಕಾದ ಕಡೆ ಬಾಯಿಂದ ಉಸಿರು ಕೊಡುತ್ತಾರೆ. ಒತ್ತಿದಾಗಲೆಲ್ಲ ಒಂದಿಷ್ಟು ರಕ್ತ ಮಿದುಳಿಗೆ ಹೋಗುತ್ತದೆ. ನಿಂತ ಹೃದಯದ ಕೆಲಸವನ್ನು ಹೊರಗಿನಿಂದ ಎರಡು ಕೈ ಮಾಡುತ್ತವೆ, ಪೂರ್ತಿಯಾಗಿ ಅಲ್ಲ, ಸ್ವಲ್ಪ ಮಟ್ಟಿಗೆ. ಆ ಸ್ವಲ್ಪವೇ ಆಸ್ಪತ್ರೆ ತಲುಪುವವರೆಗೆ ಜೀವ ಹಿಡಿದಿಡಬಲ್ಲದು.

ಇಲ್ಲಿ ಒಂದು ಗೊಂದಲ ತಿಳಿಮಾಡಬೇಕು. ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ಹೃದಯಾಘಾತದಲ್ಲಿ ಹೃದಯದ ರಕ್ತನಾಳ ಕಟ್ಟಿಕೊಂಡಿರುತ್ತದೆ. ರೋಗಿಗೆ ಎಚ್ಚರವಿರುತ್ತದೆ, ಎದೆ ಹಿಡಿದುಕೊಂಡು ಬೆವರುತ್ತಿರುತ್ತಾರೆ, ಮಾತಾಡುತ್ತಾರೆ. ಅವರ ಎದೆ ಒತ್ತಬಾರದು, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಹೃದಯಸ್ತಂಭನದಲ್ಲಿ ಬಡಿತವೇ ನಿಂತಿರುತ್ತದೆ. ಕರೆದರೆ ಓಗೊಡುವುದಿಲ್ಲ. ಸರಿಯಾದ ಉಸಿರಾಟವಿಲ್ಲ. ಎದೆ ಒತ್ತಬೇಕಾದ್ದು ಇವರಿಗೆ. ಮೊದಲನೆಯದು ಎಷ್ಟೋ ಸಲ ಎರಡನೆಯದಕ್ಕೆ ತಿರುಗುತ್ತದೆ, ಅದೂ ಕಣ್ಣೆದುರೇ.

ಈಗ ಸಮಯದ ಲೆಕ್ಕ ನೋಡೋಣ. ಹೃದಯ ನಿಂತ ನಾಲ್ಕೈದು ನಿಮಿಷಕ್ಕೆ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಯಾರೂ ಏನೂ ಮಾಡದೆ ನಿಂತರೆ ಬದುಕುಳಿಯುವ ಸಾಧ್ಯತೆ ನಿಮಿಷಕ್ಕೆ ನೂರರಲ್ಲಿ ಸುಮಾರು 10ರಷ್ಟು ಇಳಿಯುತ್ತದೆ. ಹತ್ತು ನಿಮಿಷ ಕಳೆದರೆ ಏನು ಉಳಿಯಿತು, ನೀವೇ ಲೆಕ್ಕ ಹಾಕಿ. ನಮ್ಮ ರಾಜ್ಯದಲ್ಲಿ 108 ಆಂಬ್ಯುಲೆನ್ಸ್ ಸೇವೆ 2008ರಲ್ಲಿ ಶುರುವಾಯಿತು. ಅದರಿಂದ ಉಳಿದ ಜೀವಗಳು ಎಷ್ಟೋ. ಆದರೆ ಮಲೆನಾಡಿನ ಅಡಿಕೆ ತೋಟದ ನಡುವಿನ ಒಂಟಿ ಮನೆಗೆ ಐದು ನಿಮಿಷದಲ್ಲಿ ಯಾವ ಆಂಬ್ಯುಲೆನ್ಸ್ ಬಂದೀತು? ಬೆಂಗಳೂರಿನಲ್ಲಿ ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಬರುವುದಾದರೂ ಹೇಗೆ? ಅದು ಚಾಲಕನ ತಪ್ಪಲ್ಲ. ಆ ಮೊದಲ ಹತ್ತು ಹದಿನೈದು ನಿಮಿಷ ಇರುವುದು ಮನೆಯವರ ಕೈಯಲ್ಲಿ, ಅಕ್ಕಪಕ್ಕದವರ ಕೈಯಲ್ಲಿ.

ಇಲ್ಲಿಯವರೆಗೆ ಹೇಳಿದ್ದು ಎರಡು ಸಂಗತಿ. ಹೃದಯ ನಿಂತರೆ ಎದೆ ಒತ್ತಬೇಕು. ಒತ್ತಬೇಕಾದವರು ಪಕ್ಕದಲ್ಲಿದ್ದವರು. ಮುಂದಿನ ಪ್ರಶ್ನೆ, ಮಾಮೂಲಿ ಜನ ಇದನ್ನು ಮಾಡಬಲ್ಲರು ಎಂದು ಗೊತ್ತಾದದ್ದು ಹೇಗೆ? ಅದರ ಹಿಂದೆ ಒಂದು ಕತೆ ಇದೆ.

1950ರ ದಶಕದ ಕೊನೆ. ಅಮೆರಿಕದ ಬಾಲ್ಟಿಮೋರ್ ನಗರ. ಅಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ. ವಿಲಿಯಂ ಕೌವೆನ್‌ಹೋವೆನ್ ಎಂಬ ಹಿರಿಯರು ಅಲ್ಲಿದ್ದರು. ಅವರು ಡಾಕ್ಟರಲ್ಲ, ವಿದ್ಯುತ್ ಎಂಜಿನಿಯರ್. ಕರೆಂಟು ಹೊಡೆದು ಲೈನ್‌ಮನ್‌ಗಳು ಸಾಯುತ್ತಿದ್ದರು. ಶಾಕ್ ಹೊಡೆದು ನಿಂತ ಹೃದಯವನ್ನು ಮತ್ತೆ ಶಾಕ್ ಕೊಟ್ಟೇ ನಡೆಸಬಹುದೇ ಎಂಬುದು ಅವರ ಶೋಧ. ನಾಯಿಗಳ ಮೇಲೆ ಪ್ರಯೋಗ ನಡೆದಿತ್ತು. ಅವರ ಜೊತೆಗಿದ್ದ ಗೈ ನಿಕರ್‌ಬಾಕರ್ ಎಂಬ ಯುವಕ ಒಂದು ವಿಚಿತ್ರ ಗಮನಿಸಿದ. ಶಾಕ್ ಕೊಡುವ ಭಾರವಾದ ಪ್ಯಾಡಲ್‌ಗಳನ್ನು ಎದೆಯ ಮೇಲೆ ಒತ್ತಿ ಹಿಡಿದಾಗಲೆಲ್ಲ, ಕರೆಂಟು ಬಿಡುವ ಮೊದಲೇ, ನಾಯಿಯ ತೊಡೆಯ ರಕ್ತನಾಳದಲ್ಲಿ ಒತ್ತಡ ಏರುತ್ತಿತ್ತು. ಅಂದರೆ ಬರೀ ಒತ್ತುವುದರಿಂದಲೇ ರಕ್ತ ಚಲಿಸುತ್ತಿತ್ತು.

ಅಲ್ಲಿಯವರೆಗೆ ಹೃದಯ ನಿಂತರೆ ಸರ್ಜನ್ ಎದೆ ಕೊಯ್ದು, ಕೈ ಒಳಗೆ ಹಾಕಿ ಹೃದಯವನ್ನೇ ಹಿಂಡಬೇಕಿತ್ತು. ಅದು ಆಪರೇಷನ್ ಥಿಯೇಟರಿನಲ್ಲಿ ನಡೆಯಬಹುದಾದ ಕೆಲಸ, ಬೀದಿಯಲ್ಲಿ ಅಲ್ಲ. ಕೌವೆನ್‌ಹೋವೆನ್, ನಿಕರ್‌ಬಾಕರ್ ಮತ್ತು ಜೇಮ್ಸ್ ಜೂಡ್ ಎಂಬ ಸರ್ಜನ್ ಸೇರಿ 1960ರಲ್ಲಿ ತಮ್ಮ ಲೇಖನ ಪ್ರಕಟಿಸಿದರು. ಎದೆ ಕೊಯ್ಯಬೇಕಿಲ್ಲ, ಉಪಕರಣ ಬೇಕಿಲ್ಲ, ಎರಡು ಕೈ ಇದ್ದರೆ ಯಾರು ಬೇಕಾದರೂ ಮಾಡಬಹುದು ಎಂಬುದು ಅದರ ತಾತ್ಪರ್ಯ. ಅದೇ ಊರಿನಲ್ಲಿ ಪೀಟರ್ ಸಫರ್ ಎಂಬ ಅರಿವಳಿಕೆ ತಜ್ಞರು ಬಾಯಿಂದ ಬಾಯಿಗೆ ಉಸಿರು ಕೊಡುವ ವಿಧಾನವನ್ನು ಪ್ರಯೋಗಗಳಿಂದ ಸಾಬೀತು ಮಾಡಿದ್ದರು. ಎರಡೂ ಸೇರಿ ಸಿಪಿಆರ್ ಆಯಿತು.

ಹೇಳಿದ್ದು ಸರಿ, ಕಲಿಸುವುದು ಹೇಗೆ? ಇಲ್ಲೇ ತೊಡಕು. ಹೃದಯ ಬಡಿಯುತ್ತಿರುವ ಮನುಷ್ಯನ ಎದೆಯನ್ನು ಪೂರ್ತಿ ಬಲ ಹಾಕಿ ಒತ್ತಿ ಅಭ್ಯಾಸ ಮಾಡುವಂತಿಲ್ಲ. ಪೆಟ್ಟಾಗುತ್ತದೆ. ಒಬ್ಬರ ಮೇಲೊಬ್ಬರು ಅಭಿನಯ ಮಾಡಬಹುದು. ಅಭಿನಯದಿಂದ ಬಲದ ಅಂದಾಜು ಸಿಗುವುದಿಲ್ಲ.

ಉತ್ತರ ಬಂದದ್ದು ಒಬ್ಬ ಆಟಿಕೆ ತಯಾರಕನಿಂದ. ನಾರ್ವೆ ದೇಶದ ಸ್ಟಾವಂಗರ್ ಎಂಬ ಊರು. ಆಸ್ಮಂಡ್ ಲೇರ್ಡಾಲ್ ಎಂಬಾತ ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಗೊಂಬೆ ಮಾಡುತ್ತಿದ್ದ. ಅವನ ಪುಟ್ಟ ಮಗ ಒಮ್ಮೆ ನೀರಿನಲ್ಲಿ ಮುಳುಗಿ ಸಾಯುವಂತಾಗಿದ್ದ, ತಂದೆಯೇ ಮೇಲೆತ್ತಿ ಉಳಿಸಿಕೊಂಡಿದ್ದ. ಇಂಥ ಮನುಷ್ಯನ ಹತ್ತಿರ ವೈದ್ಯರು ಬಂದು, ಉಸಿರು ಕೊಟ್ಟರೆ ಎದೆ ಏರುವ ಆಳೆತ್ತರದ ಗೊಂಬೆ ಬೇಕು ಎಂದರು. 1960ರ ಹೊತ್ತಿಗೆ ಗೊಂಬೆ ಸಿದ್ಧವಾಯಿತು. ಅದಕ್ಕೆ ಆತ ಇಟ್ಟ ಮುಖ ಒಬ್ಬ ತರುಣಿಯದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಸಿಕ್ಕ ಅನಾಮಿಕ ಹುಡುಗಿಯ ಮುಖದ ಅಚ್ಚು ಎಂದು ಪ್ರಸಿದ್ಧವಾದ ಒಂದು ಮುಖವಾಡವಿದೆ. ಕಣ್ಣು ಮುಚ್ಚಿದೆ, ತುಟಿಯಲ್ಲಿ ಕಂಡೂ ಕಾಣದ ನಗು. ಯುರೋಪಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಅದು ನೇತಾಡುತ್ತಿತ್ತು. ಗಂಡಸಿನ ಮುಖ ಇಟ್ಟರೆ ಗಂಡಸರು ಬಾಯಿಗೆ ಬಾಯಿ ಕೊಡಲು ಹಿಂಜರಿದಾರು ಎಂದೇ ಹೆಣ್ಣಿನ ಮುಖ ಆರಿಸಿದನಂತೆ. ಗೊಂಬೆಗೆ ಆ್ಯನ್ ಎಂದು ಹೆಸರು. ಅವಳ ಎದೆಯೊಳಗೆ ಒಂದು ಸ್ಪ್ರಿಂಗ್. ಆ ಸ್ಪ್ರಿಂಗ್ ನನ್ನ ದೃಷ್ಟಿಯಲ್ಲಿ ಮುಖಕ್ಕಿಂತ ದೊಡ್ಡ ವಿಷಯ. ನಿಮ್ಮ ಕೈ ಎಷ್ಟು ಒತ್ತುತ್ತಿದೆ ಎಂದು ನಿಮಗೆ ಹೇಳುವುದು ಅದೇ.

ಗೊಂಬೆಯ ಕತೆ ಸ್ವಲ್ಪ ಉದ್ದವಾಯಿತು. ಸಾರ ಇಷ್ಟು. ಸಿಪಿಆರ್ ಹುಟ್ಟಿದ ವರ್ಷವೇ ಅದನ್ನು ಕಲಿಸುವ ಗೊಂಬೆಯೂ ಹುಟ್ಟಿತು. ಗೊಂಬೆ ಇಲ್ಲದೆ ಈ ವಿದ್ಯೆ ದಾಟಿಸಲಾಗದು ಎಂದು ಆಗಲೇ ಗೊತ್ತಿತ್ತು. ಹಾಗಾದರೆ ಆ ಗೊಂಬೆಯ ಮುಂದೆ ಮಂಡಿಯೂರಿದಾಗ ಕೈ ಏನು ಕಲಿಯುತ್ತದೆ?

ಮೊದಲನೆಯದು ಆಳ. ವಯಸ್ಕರ ಎದೆ ಒತ್ತಿದಾಗ ಐದು ಸೆಂಟಿಮೀಟರಿಗೆ ಕಡಿಮೆ ಇಳಿಯಬಾರದು, ಆರನ್ನು ಮೀರಬಾರದು. ಅಂದರೆ ಎರಡು ಇಂಚಿನ ಆಸುಪಾಸು. ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಗೊಂಬೆಯ ಮೇಲೆ ಕೈ ಇಟ್ಟಾಗ ಮೊದಲ ಸಲ ಬಹಳಷ್ಟು ಜನ ಒತ್ತುವುದು ಅದರ ಅರ್ಧ. ಎದೆಗೂಡು ಇಷ್ಟು ಗಟ್ಟಿ ಎಂದು ಯಾರಿಗೂ ಅಂದಾಜಿರುವುದಿಲ್ಲ. ತೋಳಿನ ಬಲದಿಂದ ಒತ್ತಲು ಹೋಗುತ್ತಾರೆ, ಮೊಣಕೈ ಬಾಗುತ್ತದೆ, ಅರ್ಧ ನಿಮಿಷಕ್ಕೆ ಸುಸ್ತು. ರಾಗಿ ಮುದ್ದೆ ತಿರುವುವವರನ್ನು ನೋಡಿದ್ದೀರಲ್ಲ, ಪಾತ್ರೆಯ ಮೇಲೆ ಬಾಗಿ, ಮೈಭಾರವನ್ನೆಲ್ಲ ಭುಜದಿಂದ ಕೋಲಿಗೆ ಇಳಿಸುತ್ತಾರೆ. ಇದೂ ಹಾಗೆ. ಭುಜ ನೇರವಾಗಿ ಕೈಯ ಮೇಲೆ ಬರಬೇಕು, ಮೊಣಕೈ ಬಾಗಬಾರದು, ಸೊಂಟದಿಂದ ಮೇಲಿನ ಭಾರ ಅಂಗೈಯ ಬುಡಕ್ಕೆ ಇಳಿಯಬೇಕು. ಒಬ್ಬರು ಪಕ್ಕದಲ್ಲಿ ಕೂತು, ನಿಮ್ಮ ಮೊಣಕೈ ತಟ್ಟಿ, ಇನ್ನೂ ಆಳ, ಇನ್ನೂ ಆಳ ಎನ್ನಬೇಕು. ಆಗ ಬರುತ್ತದೆ.

ಎರಡನೆಯದು ಬಿಡುವುದು. ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಆಗಲೇ ಹೃದಯಕ್ಕೆ ಮತ್ತೆ ರಕ್ತ ತುಂಬುವುದು. ದಣಿದವರು ತಮಗೇ ಗೊತ್ತಿಲ್ಲದೆ ರೋಗಿಯ ಎದೆಗೆ ಒರಗಿರುತ್ತಾರೆ. ಒತ್ತುತ್ತಿದ್ದೇನೆ ಎಂದು ಅವರಿಗೆ ಅನಿಸುತ್ತದೆ, ಒಳಗೆ ರಕ್ತವೇ ತುಂಬುತ್ತಿರುವುದಿಲ್ಲ.

ಮೂರನೆಯದು ವೇಗ. ನಿಮಿಷಕ್ಕೆ 100ರಿಂದ 120 ಸಲ. ಗಾಬರಿಯಲ್ಲಿ ಕೆಲವರು 150ಕ್ಕೆ ಹೋಗುತ್ತಾರೆ, ಆಗ ಆಳ ಕಡಿಮೆಯಾಗುತ್ತದೆ. ಇನ್ನು ಕೆಲವರು ಮಲಗಿದ ಮಗುವನ್ನು ತಟ್ಟುವಷ್ಟು ನಿಧಾನ. ಎಣಿಕೆಯದ್ದೊಂದು ಸಣ್ಣ ಉಪಾಯ ಹೇಳುತ್ತೇನೆ. ಮೂವತ್ತರವರೆಗೆ ಕನ್ನಡದಲ್ಲಿ ಜೋರಾಗಿ ಎಣಿಸಿ ನೋಡಿ. ಇಪ್ಪತ್ತು ದಾಟಿದ ಮೇಲೆ ಇಪ್ಪತ್ತೊಂದು, ಇಪ್ಪತ್ತೆರಡು ಎಂದು ಹೇಳುವಷ್ಟರಲ್ಲಿ ಕೈ ನಿಧಾನವಾಗಿಬಿಡುತ್ತದೆ. ಅದಕ್ಕೆ ಒಂದರಿಂದ ಹತ್ತರವರೆಗೆ ಮೂರು ಸಲ ಎಣಿಸುವುದು ಮೇಲು.

ಇನ್ನು ಸುಸ್ತು. ಹತ್ತು ನಿಮಿಷ ಎಂದರೆ ಸಾವಿರಕ್ಕೂ ಹೆಚ್ಚು ಸಲ ಒತ್ತಬೇಕು. ಒಂದೆರಡು ನಿಮಿಷಕ್ಕೇ ಒತ್ತು ಹಗುರವಾಗುತ್ತದೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು ಎನ್ನುವುದು. ಬದಲಿಸುವಾಗ ನಡುವೆ ಬಿಡುವು ಬೀಳಬಾರದು. ಒಬ್ಬರು ಏಳುವ ಮೊದಲೇ ಇನ್ನೊಬ್ಬರು ಎದುರು ಮಂಡಿಯೂರಿ ಸಿದ್ಧವಾಗಿರಬೇಕು. ಇದನ್ನು ಇಬ್ಬರು ಸೇರಿ ಗೊಂಬೆಯ ಮೇಲೆ ನಾಲ್ಕಾರು ಸಲ ಮಾಡದೆ ಹೊಂದಾಣಿಕೆ ಬರುವುದಿಲ್ಲ.

ಆಳ, ಬಿಡುವುದು, ವೇಗ, ಸುಸ್ತು. ಇವೆಲ್ಲ ಕೈಗೆ ಸಂಬಂಧಿಸಿದ್ದು. ಕೈ ಚಾಚುವ ಮೊದಲು ಇನ್ನೊಂದು ತಡೆ ಇದೆ. ಅದು ಹಿಂಜರಿಕೆ.

ಹೃದಯ ನಿಂತವರಲ್ಲಿ ಕೆಲವರು ಮೊದಲ ಕೆಲವು ನಿಮಿಷ ಬಾಯಿ ತೆರೆದು ಗೊರಕೆಯಂಥ ಸದ್ದಿನೊಂದಿಗೆ ಆಗೊಮ್ಮೆ ಈಗೊಮ್ಮೆ ಉಸಿರೆಳೆದಂತೆ ಮಾಡುತ್ತಾರೆ. ಉಸಿರಾಡುತ್ತಿದ್ದಾರೆ, ಸುಮ್ಮನಿರಿ ಎಂದು ಯಾರೋ ಹೇಳುತ್ತಾರೆ. ಅದು ನಿಜವಾದ ಉಸಿರಾಟವಲ್ಲ. ಆಗ ಕಾಯಬಾರದು. ಒಳ್ಳೆಯ ತರಬೇತಿಯಲ್ಲಿ ಈ ಸದ್ದನ್ನು ಧ್ವನಿಮುದ್ರಣದಲ್ಲಿ ಕೇಳಿಸುತ್ತಾರೆ. ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಪಕ್ಕೆಲುಬಿನ ಭಯವೂ ಇದೆ. ಸರಿಯಾಗಿ ಒತ್ತಿದಾಗ, ಅದರಲ್ಲೂ ವಯಸ್ಸಾದವರಲ್ಲಿ, ಪಕ್ಕೆಲುಬು ಬಿರಿಯುವುದುಂಟು. ಕೈಗೆ ಅದು ಗೊತ್ತಾಗುತ್ತದೆ. ಏನೋ ಅನಾಹುತ ಮಾಡಿದೆ ಎಂದು ಎದ್ದುಬಿಡುತ್ತಾರೆ. ಏಳಬಾರದು. ಕೈ ಸರಿಯಾದ ಜಾಗದಲ್ಲಿದೆಯೇ ನೋಡಿಕೊಂಡು ಮುಂದುವರಿಸಬೇಕು. ಮುರಿದ ಪಕ್ಕೆಲುಬು ಕೂಡಿಕೊಳ್ಳುತ್ತದೆ.

ಹೆಂಗಸರು ಬಿದ್ದಾಗ ಗಂಡಸರು ಮುಟ್ಟಲು ಅಂಜುತ್ತಾರೆ. ಇದು ನಮ್ಮಲ್ಲಿ ಮಾತ್ರ ಅಲ್ಲ. ಸಾರ್ವಜನಿಕ ಸ್ಥಳದಲ್ಲಿ ಬಿದ್ದ ಹೆಂಗಸರಿಗೆ ಎದೆ ಒತ್ತುವ ನೆರವು ಗಂಡಸರಿಗಿಂತ ಕಡಿಮೆ ಸಿಗುತ್ತದೆ ಎಂದು ಅಮೆರಿಕದ ಅಧ್ಯಯನಗಳೂ ಹೇಳಿವೆ. ತರಬೇತಿ ಕೊಡುವವರು ಇದನ್ನು ನಾಚಿಕೆ ಬಿಟ್ಟು ಮಾತಾಡಬೇಕು. ಸೀರೆಯ ಸೆರಗು, ಕೊರಳ ಸರ, ತಾಳಿ, ಇವನ್ನೆಲ್ಲ ಹೇಗೆ ಪಕ್ಕಕ್ಕೆ ಸರಿಸಬೇಕು ಎಂದು ಮಾಡಿ ತೋರಿಸಬೇಕು. ಮನೆಯಲ್ಲಿ ಬಿದ್ದವರನ್ನು ಮೊದಲು ಮಂಚದ ಮೇಲೆ ಎತ್ತಿ ಹಾಕುವುದು ನಮ್ಮ ರೂಢಿ. ಹಾಸಿಗೆಯ ಮೇಲೆ ಒತ್ತಿದರೆ ತಗ್ಗುವುದು ಹಾಸಿಗೆ, ಎದೆಯಲ್ಲ. ನೆಲಕ್ಕೆ ಇಳಿಸಬೇಕು. ದಪ್ಪ ಮನುಷ್ಯರನ್ನು ಮಂಚದಿಂದ ನೆಲಕ್ಕೆ ಇಳಿಸುವುದೂ ಕಲಿಯಬೇಕಾದ ಕೆಲಸವೇ.

ಇನ್ನು ಪೊಲೀಸು, ಕೋರ್ಟು ಎಂಬ ಭಯ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಕಾನೂನಿನ ರಕ್ಷಣೆ ಇದೆ. ಅಂಥವರನ್ನು ರಕ್ಷಿಸುವ ಸರ್ಕಾರಿ ಮಾರ್ಗಸೂಚಿಗಳಿಗೆ 2016ರಲ್ಲಿ ಸುಪ್ರೀಂ ಕೋರ್ಟು ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿತು. ಸದುದ್ದೇಶದಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ.

ಸಿಪಿಆರ್ ವಿಷಯದಲ್ಲಿ ಎರಡು ಮಾತು ಆಯಿತು. ಕೈ ಕಲಿಯಬೇಕು, ಮನಸ್ಸಿನ ಹಿಂಜರಿಕೆ ಕಳೆಯಬೇಕು. ಪ್ರಥಮ ಚಿಕಿತ್ಸೆಯಲ್ಲಿ ಮೂರನೆಯದೊಂದಿದೆ. ಕೈಗೆ ಅಂಟಿದ ತಪ್ಪು ಅಭ್ಯಾಸವನ್ನು ಬಿಡಿಸಬೇಕು. ನನ್ನನ್ನು ಕೇಳಿದರೆ ಇದೇ ಎಲ್ಲಕ್ಕಿಂತ ಕಷ್ಟ.

ಗಾಬರಿಯಾದಾಗ ಕೈ ಸುಮ್ಮನಿರುವುದಿಲ್ಲ. ಚಿಕ್ಕಂದಿನಿಂದ ನೋಡಿದ್ದನ್ನು ಮಾಡುತ್ತದೆ. ಮೂರ್ಛೆ ರೋಗದವರು ಬಿದ್ದರೆ ಯಾರೋ ಬೀಗದ ಕೈ ತಂದು ಅಂಗೈಯಲ್ಲಿ ಇಡುತ್ತಾರೆ. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಎಂಬ ನಂಬಿಕೆ. ಮೂರ್ಛೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುತ್ತದೆ, ಹೆಸರು ಬೀಗದ ಕೈಗೆ ಬರುತ್ತದೆ. ಅಷ್ಟರಲ್ಲಿ ಮಾಡಬೇಕಾದ ಕೆಲಸ ಉಳಿದುಹೋಗಿರುತ್ತದೆ. ತಲೆಗೆ ಪೆಟ್ಟಾಗದಂತೆ ಅಡಿಗೆ ಟವೆಲ್ ಇಡಬೇಕು, ಸೆಳೆತ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಚಮಚವನ್ನಾಗಲಿ ಬಟ್ಟೆಯನ್ನಾಗಲಿ ತುರುಕಬಾರದು. ಐದು ನಿಮಿಷ ದಾಟಿದರೆ ಆಂಬ್ಯುಲೆನ್ಸ್ ಕರೆಯಬೇಕು.

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟು, ಇಂಕು ಹಚ್ಚುತ್ತಾರೆ. ಹಚ್ಚಬಾರದು. ನಲ್ಲಿಯ ತಣ್ಣೀರಿನ ಕೆಳಗೆ ಸುಮಾರು ಇಪ್ಪತ್ತು ನಿಮಿಷ ಹಿಡಿಯಬೇಕು. ಅಷ್ಟೇ. ಇಪ್ಪತ್ತು ನಿಮಿಷ ಅಳುವ ಮಗುವಿನ ಕೈಯನ್ನು ನೀರಿನಡಿ ಹಿಡಿಯುವುದು ಹೇಳಿದಷ್ಟು ಸುಲಭವಲ್ಲ, ಅದು ಬೇರೆ ಮಾತು.

ಹಾವು ಕಚ್ಚಿದಾಗಲಂತೂ ಕೈಗಳಿಗೆ ಬಿಡುವೇ ಇಲ್ಲ. ಒಬ್ಬರು ಹಗ್ಗ ಬಿಗಿಯುತ್ತಾರೆ, ಒಬ್ಬರು ಬ್ಲೇಡಿನಿಂದ ಕೊಯ್ಯುತ್ತಾರೆ, ಇನ್ನೊಬ್ಬರು ಬಾಯಿಂದ ಹೀರಲು ಹೋಗುತ್ತಾರೆ. ಮೂರೂ ಕೆಡುಕೇ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯ ಪಟ್ಟಿಗೆ ಸೇರಿಸಿತು, ಅಂದರೆ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು. ಆದರೆ ಹೊಲದಿಂದ ಆಸ್ಪತ್ರೆಯವರೆಗಿನ ದಾರಿ ನಮ್ಮದು. ಕಚ್ಚಿದ ಕಾಲು ಅಲುಗದಂತೆ ಮರದ ಪಟ್ಟಿ ಕಟ್ಟಿ, ನಡೆಸದೆ, ಹೊತ್ತುಕೊಂಡು ಆಸ್ಪತ್ರೆಗೆ ಒಯ್ಯಬೇಕು. ನಾಗರಹಾವು, ಕಟ್ಟುಹಾವು ಕಚ್ಚಿದಾಗ ವಿಷ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸಿಬಿಡಬಹುದು. ಹೃದಯ ಬಡಿಯುತ್ತಿರುತ್ತದೆ, ಉಸಿರು ಮಾತ್ರ ನಿಂತಿರುತ್ತದೆ. ಆಗ ದಾರಿಯುದ್ದಕ್ಕೂ ಬಾಯಿಂದ ಉಸಿರು ಕೊಡಬಲ್ಲವರು ಜೀಪಿನಲ್ಲಿದ್ದರೆ ಆ ಮನುಷ್ಯ ಬದುಕಬಲ್ಲ. ಆಸ್ಪತ್ರೆಯಲ್ಲಿ ಔಷಧಿ ಇದೆ, ಅಲ್ಲಿಗೆ ತಲುಪುವವರೆಗೆ ಉಸಿರು ಬೇಕು.

ಉಸಿರಿನ ಮಾತು ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2017ರಲ್ಲಿ ಭಾರತದ ಅರಿವಳಿಕೆ ತಜ್ಞರ ಸಂಘದವರು ನಮ್ಮ ಜನಕ್ಕಾಗಿ ಸರಳ ಕ್ರಮವೊಂದನ್ನು ರೂಪಿಸಿದರು. ಕೋಲ್ಸ್ ಎಂದು ಅದನ್ನು ಕರೆಯುತ್ತಾರೆ. ವಯಸ್ಕರು ಇದ್ದಕ್ಕಿದ್ದಂತೆ ಕುಸಿದರೆ ಜನಸಾಮಾನ್ಯರು ಬಾಯಿಗೆ ಬಾಯಿ ಕೊಡಬೇಕಿಲ್ಲ, ಎದೆ ಒತ್ತಿದರೆ ಸಾಕು, ಬೇಗ ಆಸ್ಪತ್ರೆಗೆ ಸಾಗಿಸಿ ಎನ್ನುತ್ತದೆ ಅದು. ಒಳ್ಳೆಯ ಕ್ರಮ, ಹಿಂಜರಿಕೆ ಕಡಿಮೆ ಮಾಡುತ್ತದೆ. ಆದರೆ ನೀರಿನಲ್ಲಿ ಮುಳುಗಿದವರ ವಿಷಯ ಬೇರೆ, ಚಿಕ್ಕ ಮಕ್ಕಳ ವಿಷಯ ಬೇರೆ. ಅವರಲ್ಲಿ ಸಾಮಾನ್ಯವಾಗಿ ಮೊದಲು ನಿಲ್ಲುವುದು ಉಸಿರು, ಆಮೇಲೆ ಹೃದಯ. ಕೆರೆ, ಕೃಷಿ ಹೊಂಡ, ನಾಲೆ ಇರುವ ಊರಿನವರು ಎದೆ ಒತ್ತುವುದನ್ನಷ್ಟೇ ಕಲಿತರೆ ಅರ್ಧ ಕಲಿತಂತೆ. ಮೇಲೆತ್ತಿದವರನ್ನು ತಲೆಕೆಳಗು ಮಾಡಿ ಹೊಟ್ಟೆ ಒತ್ತುತ್ತಾ ನೀರು ಕಕ್ಕಿಸುವುದರಲ್ಲೇ ಅಮೂಲ್ಯ ನಿಮಿಷಗಳು ಹೋಗುತ್ತವೆ. ಹೊಟ್ಟೆಯ ನೀರಿನಿಂದಲ್ಲ, ಉಸಿರಿಲ್ಲದೆ ಸಾಯುತ್ತಾರೆ. ಗಲ್ಲ ಮೇಲೆತ್ತಿ, ಮೂಗು ಮುಚ್ಚಿ, ಎದೆ ಏರುವಷ್ಟು ಉಸಿರು ಕೊಡುವುದು, ಆಮೇಲೆ 30 ಸಲ ಒತ್ತು, 2 ಉಸಿರು. ಗಲ್ಲ ಒಂದಿಷ್ಟು ತಗ್ಗಿದರೂ ನೀವು ಊದಿದ ಗಾಳಿ ಒಳಗೆ ಹೋಗುವುದಿಲ್ಲ. ಗೊಂಬೆ ಇದನ್ನೂ ಹೇಳುತ್ತದೆ. ಎದೆ ಏರಲಿಲ್ಲವೇ, ನೀವು ಗಲ್ಲ ಎತ್ತಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, ತರಬೇತಿ ಬೇಕು ಎಂಬುದರಲ್ಲಿ ನಿಮಗೆ ಸಂಶಯವಿರಲಾರದು. ಈಗ ತರಬೇತಿಯ ಹೆಸರಿನಲ್ಲಿ ನಡೆಯುವುದನ್ನು ನೋಡೋಣ.

ಬಹಳ ಕಡೆ ನಡೆಯುವುದು ಹೀಗೆ. ಒಂದು ಸಭಾಂಗಣ. ವೇದಿಕೆಯ ಹಿಂದೆ ಬ್ಯಾನರ್. ಇನ್ನೂರು ಜನ. ಸ್ವಾಗತ, ದೀಪ ಬೆಳಗುವುದು, ಮುಖ್ಯ ಅತಿಥಿಗಳ ಭಾಷಣ. ಒಂದು ಗಂಟೆಯ ಸ್ಲೈಡು. ಕೊನೆಗೆ ವೇದಿಕೆಯ ಮೇಲೆ ಒಂದೇ ಒಂದು ಗೊಂಬೆ. ಅತಿಥಿಗಳು ಅದರ ಎದೆಯ ಮೇಲೆ ಕೈ ಇಟ್ಟು ಕ್ಯಾಮೆರಾ ನೋಡುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ. ಇನ್ನೂರು ಜನಕ್ಕೂ ಸರ್ಟಿಫಿಕೇಟು. ಗೊಂಬೆಗೆ ಮಾತು ಬಂದಿದ್ದರೆ ಏನನ್ನುತ್ತಿತ್ತೋ! ಇಂಥ ತರಬೇತಿ ಇಲ್ಲದಿದ್ದರೆ ವಾಸಿ ಎನ್ನುವಷ್ಟು ಕಟುವಾಗಿ ನಾನು ಮಾತಾಡುವುದಿಲ್ಲ. ಎದೆ ಒತ್ತಬೇಕು ಎಂಬುದಾದರೂ ಗೊತ್ತಾಯಿತಲ್ಲ, ಏನೂ ಮಾಡದೆ ನಿಲ್ಲುವುದಕ್ಕಿಂತ ಹೇಗೋ ಒತ್ತುವುದು ಮೇಲು. ಆದರೆ ಸರ್ಟಿಫಿಕೇಟು ಇದೆ, ಕಲಿತಾಯಿತು ಎಂಬ ಭಾವನೆ ಬಂದುಬಿಡುತ್ತದೆ. ಅವರು ಮತ್ತೆ ಕಲಿಯಲು ಬರುವುದಿಲ್ಲ. ನಷ್ಟ ಅಲ್ಲಿದೆ. ಬಸ್ಸಿನ ಕಂಡಕ್ಟರ್ ಲೈಸೆನ್ಸಿಗೆ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟು ಬೇಕು. ಒಳ್ಳೆಯ ನಿಯಮ. ಸರ್ಟಿಫಿಕೇಟು ಪಡೆದ ಕೈ ಎಷ್ಟು ವರ್ಷದ ಹಿಂದೆ ಕೊನೆಯ ಸಲ ಬ್ಯಾಂಡೇಜು ಸುತ್ತಿತು ಎಂದು ಕೇಳುವವರು ಮಾತ್ರ ಕಡಿಮೆ.

ಕಲಿತದ್ದು ಉಳಿಯುವುದೂ ಇಲ್ಲ. ಇದನ್ನು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಚೆನ್ನಾಗಿ ಕಲಿತವರ ಕೈಯೂ ಕೆಲವೇ ತಿಂಗಳಲ್ಲಿ ಮರೆಯಲು ಶುರುಮಾಡುತ್ತದೆ. ಆಳ ಕಡಿಮೆಯಾಗುತ್ತದೆ, ವೇಗ ತಪ್ಪುತ್ತದೆ. ಡಾಕ್ಟರು, ನರ್ಸುಗಳೂ ಇದಕ್ಕೆ ಹೊರತಲ್ಲ. ವರ್ಷಕ್ಕೊಮ್ಮೆ ಇಡೀ ದಿನ ಕೂರುವುದಕ್ಕಿಂತ ನಾಲ್ಕಾರು ತಿಂಗಳಿಗೊಮ್ಮೆ ಹತ್ತು ನಿಮಿಷ ಗೊಂಬೆ ಒತ್ತಿ ಹೋಗುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಪಂಚಾಯಿತಿ ಕಚೇರಿಯ ಮೂಲೆಯಲ್ಲೋ, ಊರಿನ ಶಾಲೆಯಲ್ಲೋ ಒಂದು ಗೊಂಬೆ ಇದ್ದರೆ ಸಾಕು.

ತರಬೇತಿ ಹೆಸರಿಗಿದ್ದರೆ ಸಾಲದು, ಕಲಿತದ್ದನ್ನು ಆಗಾಗ ಮೆಲುಕು ಹಾಕಬೇಕು ಎಂದೆ. ಇಡೀ ದೇಶವೇ ಹೀಗೆ ಕಲಿತರೆ ಫಲ ಸಿಗುತ್ತದೆಯೇ? ಒಂದು ದೇಶ ಮಾಡಿ ತೋರಿಸಿದೆ, ಡೆನ್ಮಾರ್ಕ್. 2005ರಲ್ಲಿ ಅಲ್ಲಿ ಶಾಲಾ ಮಕ್ಕಳಿಗೆ ಸಿಪಿಆರ್ ಕಡ್ಡಾಯ ಮಾಡಿದರು. ಮರುವರ್ಷ ಡ್ರೈವಿಂಗ್ ಲೈಸೆನ್ಸಿಗೂ ಕಡ್ಡಾಯವಾಯಿತು. ಆಂಬ್ಯುಲೆನ್ಸ್, ಆಸ್ಪತ್ರೆ ಸೇವೆಗಳನ್ನೂ ಸುಧಾರಿಸಿದರು. 2001ರ ಸುಮಾರಿಗೆ ಆಸ್ಪತ್ರೆಯ ಹೊರಗೆ ಹೃದಯ ನಿಂತ ನೂರು ಜನರಲ್ಲಿ ಸುಮಾರು 21 ಜನಕ್ಕೆ ಮಾತ್ರ ಪಕ್ಕದಲ್ಲಿದ್ದವರಿಂದ ಸಿಪಿಆರ್ ಸಿಗುತ್ತಿತ್ತು. 2010ರ ಹೊತ್ತಿಗೆ ಅದು 45 ಆಯಿತು. ಒಂದು ತಿಂಗಳ ಮೇಲೂ ಬದುಕಿದ್ದವರ ಪ್ರಮಾಣ ಸುಮಾರು ಮೂರು ಪಟ್ಟಾಯಿತು. ಎಲ್ಲವೂ ತರಬೇತಿಯೊಂದರಿಂದಲೇ ಆಯಿತೆಂದು ಅಲ್ಲಿನವರೂ ಹೇಳುವುದಿಲ್ಲ. ಆದರೆ ಅದಿಲ್ಲದೆ ಆಗುತ್ತಿರಲಿಲ್ಲ. ಫುಟ್‌ಬಾಲ್ ನೋಡುವವರಿಗೆ ನೆನಪಿರಬಹುದು. 2021ರ ಜೂನ್‌ನಲ್ಲಿ ಕೋಪನ್‌ಹೇಗನ್ನಿನ ಮೈದಾನದಲ್ಲೇ ಡೆನ್ಮಾರ್ಕ್ ತಂಡದ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಕುಸಿದು ಬಿದ್ದ. ಹೃದಯ ನಿಂತಿತ್ತು. ತಕ್ಷಣ ಎದೆ ಒತ್ತಿದರು, ಶಾಕ್ ಕೊಟ್ಟರು. ಎಂಟೊಂಬತ್ತು ತಿಂಗಳಲ್ಲಿ ಆತ ಮತ್ತೆ ಆಟಕ್ಕಿಳಿದ.

ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ನಾವು ನಟ ಪುನೀತ್ ರಾಜ್‌ಕುಮಾರ್ ಅವರನ್ನು, ನಮ್ಮ ಅಪ್ಪುವನ್ನು, ಕಳೆದುಕೊಂಡೆವು. ಅವರು ಹೋದ ಮೇಲೆ ಹೃದಯ ಪರೀಕ್ಷೆಗೆ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಅವರ ಹೆಸರಿನಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಗಳಲ್ಲೇ ಹೃದಯಾಘಾತ ಗುರುತಿಸಿ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ಯೋಜನೆ ಅದು. ಸಾರ್ವಜನಿಕ ಸ್ಥಳಗಳಲ್ಲಿ ಎಇಡಿ ಯಂತ್ರ ಇಡುವುದೂ ಅದರಲ್ಲಿ ಸೇರಿದೆ. ಎಇಡಿ ಎಂದರೆ ಚಿಕ್ಕ ಸೂಟ್‌ಕೇಸಿನಷ್ಟಿರುವ ಶಾಕ್ ಯಂತ್ರ. ಮುಚ್ಚಳ ತೆರೆದರೆ ಅದೇ ಮಾತಾಡಿ ಹೇಳಿಕೊಡುತ್ತದೆ. ಎರಡು ಪಟ್ಟಿಗಳನ್ನು ಎದೆಗೆ ಅಂಟಿಸಿದರೆ ಶಾಕ್ ಬೇಕೋ ಬೇಡವೋ ಎಂದು ಅದೇ ನಿರ್ಧರಿಸುತ್ತದೆ. ಎಲ್ಲ ಸರಿ. ಯಂತ್ರ ತರಲು ಒಬ್ಬರು ಓಡಿದಾಗ, ಇನ್ನೊಬ್ಬರು ಎದೆ ಒತ್ತುತ್ತಿರಬೇಕು. ಪೆಟ್ಟಿಗೆಯ ಗಾಜು ತೆರೆಯಲು ಅಂಜುವ ಕೈ ಇದ್ದರೆ ಯಂತ್ರ ಗೋಡೆಯ ಮೇಲೇ ಇರುತ್ತದೆ.

ಯಾರು ಕಲಿಯಬೇಕು ಎಂಬುದನ್ನು ಹೇಳಿ ಮುಗಿಸುತ್ತೇನೆ. ಹೊರದೇಶಗಳ ದಾಖಲೆ ನೋಡಿದರೆ ಆಸ್ಪತ್ರೆಯ ಹೊರಗೆ ಹೃದಯ ನಿಲ್ಲುವ ಹತ್ತರಲ್ಲಿ ಏಳು ಪ್ರಸಂಗ ಮನೆಯಲ್ಲೇ ನಡೆಯುತ್ತವೆ. ಆದ್ದರಿಂದ ಕಚೇರಿಯವರು, ಪೊಲೀಸರು, ಡ್ರೈವರುಗಳು ಕಲಿತರೆ ಸಾಲದು. ಮನೆಯಲ್ಲಿರುವ ಅತ್ತೆ, ಸೊಸೆ, ಕಾಲೇಜಿಗೆ ಹೋಗುವ ಮಗ, ಹೈಸ್ಕೂಲು ಮಗಳು, ಇವರು ಕಲಿಯಬೇಕು. ಹನ್ನೆರಡು ವರ್ಷದಿಂದ ಮೇಲಿನ ಮಕ್ಕಳಿಗೆ ವರ್ಷಕ್ಕೆ ಎರಡು ಗಂಟೆ ಕಲಿಸಿ ಎಂಬ ಕರೆಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಬೆಂಬಲ ಕೊಟ್ಟಿದೆ. ವರ್ಷಕ್ಕೆ ಎರಡು ಗಂಟೆ! ನಮ್ಮ ಶಾಲೆಗಳ ವಾರ್ಷಿಕೋತ್ಸವದ ತಾಲೀಮಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ರೆಡ್‌ಕ್ರಾಸ್, ಸೇಂಟ್ ಜಾನ್ ಆಂಬ್ಯುಲೆನ್ಸ್, ಹತ್ತಿರದ ವೈದ್ಯಕೀಯ ಕಾಲೇಜು, ಇವರಲ್ಲಿ ವಿಚಾರಿಸಿ. ನಿಮ್ಮ ಸಂಘ, ಅಪಾರ್ಟ್‌ಮೆಂಟು, ಹಾಲಿನ ಡೇರಿ, ಶಾಲೆ ಎಲ್ಲಿಗಾದರೂ ಕರೆಸಿ. ಕರೆಸುವ ಮೊದಲು ಫೋನಿನಲ್ಲೇ ಮೂರು ಪ್ರಶ್ನೆ ಕೇಳಿ. ಗೊಂಬೆ ಎಷ್ಟು ತರುತ್ತೀರಿ? ನಮ್ಮಲ್ಲಿ ಪ್ರತಿಯೊಬ್ಬರೂ ಎರಡು ನಿಮಿಷ ಪೂರ್ತಿ ಒತ್ತಲು ಅವಕಾಶ ಕೊಡುತ್ತೀರಾ? ಆರು ತಿಂಗಳು ಬಿಟ್ಟು ಮತ್ತೆ ಬರುತ್ತೀರಾ? ನಲವತ್ತು ಜನಕ್ಕೆ ಐದಾರು ಗೊಂಬೆ ತರುತ್ತೇವೆ ಎಂದರೆ ದಿನ ಗೊತ್ತುಮಾಡಿ. ಗೊಂಬೆ ಇಲ್ಲ, ಸ್ಲೈಡು ಇದೆ, ಸರ್ಟಿಫಿಕೇಟು ಕೊಡುತ್ತೇವೆ ಎಂದರೆ ಧನ್ಯವಾದ ಹೇಳಿ ಫೋನಿಡಿ, ಇನ್ನೊಂದು ಕಡೆ ವಿಚಾರಿಸಿ. ಮಂಡಿ ನೋವಿರುವ ಹಿರಿಯರನ್ನೂ ಕರೆದುಕೊಂಡು ಹೋಗಿ. ಅವರಿಗೆ ಒತ್ತಲಾಗದಿದ್ದರೂ 108ಕ್ಕೆ ಫೋನು ಮಾಡಲು, ಎಣಿಸಲು, ಎರಡು ನಿಮಿಷವಾಯಿತು ಕೈ ಬದಲಿಸಿ ಎಂದು ಕೂಗಲು ಆಗುತ್ತದೆ.